ಮಾವನ ಮನೆಯ ಏರು

ಮಾವನ ಮನೆಗೆ ಬೆನ್ನು ತೋರಿಸಿಕೊಂಡು ಬಂದ ಅಳಿಯ ತೀರ್ಥಹಳ್ಳಿ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಬೆನ್ನು ತೋರಿಸಿ ಹೊರಟುಹೋದ ಅಳಿಯಂದಿರು ಬೇಕಾದಷ್ಟಿದ್ದಾರೆ. ಹೋಳಿಗೆಗೆ ತುಪ್ಪ ಕಡಿಮೆ ಬಿತ್ತೆಂದು ಎದ್ದುಹೋದವರು, ಫೋಟೋದಲ್ಲಿ ಕೊನೆಗೆ ನಿಲ್ಲಿಸಿದರೆಂದು ಹೋದವರು, ಇಂಥವರ ಕಥೆಗಳನ್ನು ಹೆಂಡತಿಯ ಕಡೆಯವರು ನನ್ನೆದುರಿಗೇ, ಆದರೆ ನನಗಲ್ಲ ಎಂಬಂತೆ, ಆಗಾಗ ಹೇಳಿಕೊಳ್ಳುವುದುಂಟು. ಬೆನ್ನು ತೋರಿಸಿಕೊಂಡು ಬಂದ ಕೀರ್ತಿ ಮಾತ್ರ ನನ್ನದು. ಅದಕ್ಕೆ ಕಾರಣ ನನ್ನ ಸ್ವಭಾವವಲ್ಲ, ನನ್ನ ಕಾರಿನದು.

ಆದದ್ದಿಷ್ಟು. ಮಾವನವರಿಗೆ 70 ತುಂಬಿ ಭೀಮರಥ ಶಾಂತಿ ಇಟ್ಟುಕೊಂಡಿದ್ದರು. ತಿಂಗಳು ಜುಲೈ. ಹುಟ್ಟಿದ ತಿಂಗಳು, ನಕ್ಷತ್ರ ನೋಡಿ ಮಾಡುವ ಶಾಂತಿಯಾದ್ದರಿಂದ ಮಳೆಗಾಲ ಕಳೆಯಲಿ ಎನ್ನುವಂತಿಲ್ಲ. ಮಾವನವರು ಹುಟ್ಟುವಾಗ ನನ್ನ ಕಾರಿನ ಯೋಚನೆ ಮಾಡಿರಲಿಲ್ಲ. ಬೆಂಗಳೂರಿನಿಂದ ಹೊರಟ ಬಿಳಿ ಬಣ್ಣದ ನಮ್ಮ ಸಣ್ಣ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಚಿಕ್ಕಮ್ಮ, ಇಬ್ಬರು ಮಕ್ಕಳು. ಡಿಕ್ಕಿಯಲ್ಲಿ ಬಟ್ಟೆಬರೆ, ಎರಡು ಡಬ್ಬ ಸಿಹಿ, ಜೊತೆಗೆ ಅತ್ತೆಯವರು ಬಹಳ ದಿನದಿಂದ ಬಯಸಿದ್ದ ಕಲ್ಲಿನ ಗ್ರೈಂಡರ್. ಆ ಗ್ರೈಂಡರನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದಕ್ಕೊಂದು ಪಾತ್ರವಿದೆ.

ತೀರ್ಥಹಳ್ಳಿಯವರೆಗೆ ಸುಖವಾಗಿ ಬಂದೆವು. ಡಾಂಬರು ಬಿಟ್ಟು ಮಣ್ಣಿನ ದಾರಿಗಿಳಿದು, ಒಂದು ಮೋರಿ ದಾಟಿದರೆ ಎದುರಿಗೆ ಏರು. ಏರಿನ ತುದಿಯಲ್ಲಿ ಮನೆ. ಬೇಸಿಗೆಯಲ್ಲಿ ನೋಡಿದರೆ ಅದೊಂದು ಏರೇ ಅಲ್ಲ, ಮಕ್ಕಳು ಅಡಿಕೆ ಹಾಳೆಯ ಮೇಲೆ ಕೂತು ಜಾರುವ ಜಾಗ. ಒಂದು ತಿಂಗಳು ಮಳೆ ಹೊಡೆದ ಮೇಲೆ ಅದೇ ಕೆಂಪು ಮಣ್ಣು ಮುದ್ದೆಗೆ ಕಲಸಿದ ಹದಕ್ಕೆ ಬಂದಿರುತ್ತದೆ. ಮೇಲೆ ಪಾಚಿ ಬೇರೆ. ನಾನು ಮೊದಲನೇ ಗೇರಿನಲ್ಲಿ ಧೈರ್ಯವಾಗಿ ನುಗ್ಗಿದೆ. ಅರ್ಧ ಏರಿದ ಕಾರು ನಿಂತಿತು. ಎಂಜಿನ್ನು ಕೂಗುತ್ತಿದೆ, ಚಕ್ರ ತಿರುಗುತ್ತಿದೆ, ಮೀಟರಿನ ಮುಳ್ಳು 30 ತೋರಿಸುತ್ತಿದೆ, ಪಕ್ಕದ ದಾಸವಾಳದ ಗಿಡ ಮಾತ್ರ ಇದ್ದಲ್ಲೇ ಇದೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ನಿಂತಿರುವ ಅನುಭವ ನಿಮಗೆ ಆಗಿದೆಯೇ? ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೂ ಆಗುವುದಿಲ್ಲ.

ಮನೆಯೊಳಗಿದ್ದವರೆಲ್ಲ ಕೊಡೆ ಹಿಡಿದು ಹೊರಗೆ ಬಂದರು. ಮಲೆನಾಡಿನಲ್ಲಿ ಕಾರು ಹೂತುಕೊಂಡರೆ ಅದು ಸಂಕಟವಲ್ಲ, ಸಾರ್ವಜನಿಕ ಕಾರ್ಯಕ್ರಮ. ಹೆಂಡತಿಯ ತಮ್ಮ ಬಂದು, "ಭಾವ, ನೀವು ಇಳೀಬೇಡಿ, ನಾವೆಲ್ಲ ಇದ್ದೀವಲ್ಲ" ಎಂದ. ಇದು ಸಮಾಧಾನದ ಮಾತೋ ಎಚ್ಚರಿಕೆಯೋ ತಿಳಿಯಲಿಲ್ಲ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಬಂದಿದ್ದ ಇಬ್ಬರು ಗೋಣಿಚೀಲ ತಂದು ಭಕ್ತಿಯಿಂದ ಹಿಂದಿನ ಚಕ್ರಗಳಡಿ ಹಾಸಿದರು. ನಾನು ಆಕ್ಸಿಲರೇಟರ್ ಒತ್ತಿದೆ. ಹಿಂದಿನ ಚಕ್ರಗಳು ಗೋಣಿಯ ಮೇಲೆ ಗಾದಿಯ ಮೇಲೆ ಕೂತ ಸಾಹುಕಾರರ ಹಾಗೆ ಕೂತೇ ಇದ್ದವು. ಮುಂದಿನ ಚಕ್ರಗಳು ಮಾತ್ರ ಗಿರಗಿರನೆ ತಿರುಗಿ, ಮುಂಬಾಗಿಲ ಹತ್ತಿರ ನಿಂತು ತಳ್ಳುತ್ತಿದ್ದ ಭಾವಮೈದುನನ ಬಿಳಿ ಪಂಚೆಗೆ ಕೆಂಪು ಅಂಚು ಹೊಲಿದವು. ಆಗ ಮಾವನವರು ಜಗಲಿಯಿಂದ ಕೇಳಿದರು. "ಅಳಿಯಂದ್ರೇ, ನಿಮ್ದು ಯಾವ ಚಕ್ರ ಎಳೆಯೋ ಗಾಡಿ?"

ನಿಜ ಹೇಳುತ್ತೇನೆ. ಆ ಕಾರು ನನ್ನ ಕೈಗೆ ಬಂದು ಆರು ವರ್ಷವಾಗಿತ್ತು. ಅದರ ಬಣ್ಣ ಗೊತ್ತು, ಮೈಲೇಜು ಗೊತ್ತು, ಉಳಿದ ಸಾಲದ ಕಂತುಗಳು ಗೊತ್ತು. ಯಾವ ಚಕ್ರ ದುಡಿಯುತ್ತದೆ ಎಂಬುದನ್ನು ಕೇಳಿಕೊಂಡಿರಲಿಲ್ಲ. ಅಲ್ಲ, ಒಮ್ಮೆ ಕೇಳಿದ್ದೆ, ಕೊಳ್ಳುವ ದಿನ, ತಿಳಿದವನಂತೆ ಕಾಣಲೆಂದು. ಟೈ ಕಟ್ಟಿಕೊಂಡಿದ್ದ ಹುಡುಗ ಒಂದು ಕ್ಷಣ ಯೋಚಿಸಿ, "ನಾಲ್ಕೂ ತಿರುಗುತ್ತೆ ಸಾರ್" ಎಂದಿದ್ದ. ಅದು ಸುಳ್ಳಂತೂ ಅಲ್ಲ.

ಈ ಅಜ್ಞಾನ ನನ್ನೊಬ್ಬನ ಆಸ್ತಿಯಲ್ಲ ಎಂಬುದು ಆಮೇಲೆ ತಿಳಿದು ಸಮಾಧಾನವಾಯಿತು. ಬಿಎಂಡಬ್ಲ್ಯು ಎಂಬ ಜರ್ಮನ್ ಕಂಪನಿ ಹಿಂದಿನ ಚಕ್ರದಿಂದ ತಳ್ಳುವುದನ್ನೇ ಕುಲಾಚಾರ ಮಾಡಿಕೊಂಡಿತ್ತು. ಅದೇ ಕಂಪನಿ ತನ್ನ ಸಣ್ಣ ಕಾರು ಒನ್ ಸೀರೀಸ್ ಕೊಂಡವರ ವಿಷಯ ವಿಚಾರಿಸಿದಾಗ, ನೂರಕ್ಕೆ 80 ಮಂದಿ ತಮ್ಮದು ಮುಂದಿನ ಚಕ್ರದ ಗಾಡಿಯೆಂದೇ ನಂಬಿದ್ದರು. ಕುಲಾಚಾರಕ್ಕೆಂದು ಹೆಚ್ಚು ಹಣ ಕೊಟ್ಟವರಿಗೇ ಕುಲ ಯಾವುದೆಂದು ಗೊತ್ತಿಲ್ಲ! ಕಂಪನಿ 2019ರಲ್ಲಿ ಆ ಕಾರನ್ನು ಸುಮ್ಮನೆ ಮುಂದಿನ ಚಕ್ರಕ್ಕೆ ಬದಲಾಯಿಸಿತು.

ಹಾಗೆ ನೋಡಿದರೆ ನಾವೆಲ್ಲ ಬದುಕು ಶುರುಮಾಡುವುದೇ ಮುಂದಿನ ಚಕ್ರದಿಂದ. ಮಗುವಿನ ಮೂರು ಗಾಲಿಯ ಸೈಕಲ್ ನೋಡಿ. ಪೆಡಲ್ ಇರುವುದು ಮುಂದಿನ ಗಾಲಿಗೆ. ಆ ಪುಟ್ಟ ಗಾಲಿಯೇ ಎಳೆಯಬೇಕು, ಅದೇ ತಿರುಗಬೇಕು. ಗೇಟಿನ ಹತ್ತಿರದ ಇಳಿಜಾರಿನಲ್ಲಿ ಮೇಲಕ್ಕೆ ತುಳಿದರೆ ಅದು ಕಾಂಕ್ರೀಟಿನ ಮೇಲೆ ಕರಕರ ಎಂದು ಸುತ್ತುತ್ತದೆ, ಮಗು ಇದ್ದಲ್ಲೇ ಇರುತ್ತದೆ. ದೊಡ್ಡವರಾದಂತೆ ಸೈಕಲ್ಲು, ಸ್ಕೂಟರು, ಬಸ್ಸು, ಎಲ್ಲವೂ ಹಿಂದಿನ ಚಕ್ರ. ಮದುವೆಯಾಗಿ, ಕಂತಿನಲ್ಲಿ ಸಣ್ಣ ಕಾರು ಕೊಂಡ ಮೇಲೆ ಮತ್ತೆ ಮುಂದಿನ ಚಕ್ರ, ಮತ್ತೆ ಇಳಿಜಾರಿನಲ್ಲಿ ಕರಕರ. ಮನುಷ್ಯಕುಲದ ಚರಿತ್ರೆಯೂ ಹೀಗೇ. ಮನುಷ್ಯರನ್ನು ಹೊತ್ತು ತಾನಾಗಿ ಚಲಿಸಿದ ಮೊದಲ ಗಾಡಿಗಳಲ್ಲೊಂದು 1769ರಲ್ಲಿ ಫ್ರಾನ್ಸಿನ ಕುನ್ಯೊ ಎಂಬ ಸೈನ್ಯದ ಎಂಜಿನಿಯರ್ ಮಾಡಿದ್ದು. ಅದಕ್ಕೆ ಮೂರು ಗಾಲಿ, ಮುಂದೆ ದೊಡ್ಡದೊಂದು ಹಬೆಯ ಹಂಡೆ, ಎಳೆಯುವುದು ಮುಂದಿನ ಗಾಲಿ. ನಮ್ಮ ಎತ್ತಿನ ಗಾಡಿಯ ವಿಷಯ ಹೇಳುವುದೇ ಬೇಡ. ಎತ್ತನ್ನು ಹಿಂದೆ ಕಟ್ಟಿ ಗಾಡಿ ತಳ್ಳಿಸಿದವರನ್ನು ಯಾರೂ ಕಂಡಿಲ್ಲ. ತರಕಾರಿಯವನ ತಳ್ಳುಗಾಡಿ ಮಾತ್ರ ಇನ್ನೊಂದು ಪಂಗಡಕ್ಕೆ ಸೇರಿದ್ದು. ಊರ ತೇರಂತೂ ಎರಡೂ ಪಂಗಡಗಳ ರಾಜಿ. ಮುಂದೆ ಹಗ್ಗ ಹಿಡಿದು ಎಳೆಯುವವರು, ಹಿಂದೆ ಹೆಗಲು ಕೊಡುವವರು, ಚಕ್ರಕ್ಕೆ ಮರದ ತುಂಡು ಕೊಟ್ಟು ದಿಕ್ಕು ತಿರುಗಿಸುವವರು. ಅದರ ಪೆಟ್ರೋಲು ಕೋಸಂಬರಿ, ಪಾನಕ.

ಎಲ್ಲಿದ್ದೆ? ಹಾಂ, ಏರಿನ ಅರ್ಧದಲ್ಲಿ. ಅಲ್ಲಿಯೇ ಇರುತ್ತೇನೆ, ನೀವೇನೂ ಗಾಬರಿಯಾಗಬೇಡಿ.

ಮಾವನವರು ಹಾಗೆ ಕೇಳಿದ್ದಕ್ಕೆ ಹಿನ್ನೆಲೆಯಿದೆ. ಅವರ ಬಳಿ ಒಂದು ಅಂಬಾಸಿಡರ್ ಇತ್ತು. ಅಡಿಕೆ ಮೂಟೆ, ಗೊಬ್ಬರ, ಬಾಣಂತಿ, ದಿಬ್ಬಣ, ಎಲ್ಲವನ್ನೂ ಹೊತ್ತು ಇದೇ ಏರನ್ನು ಏರಿಳಿದ ಗಾಡಿ. ಅದರ ಎಂಜಿನ್ನು ಮುಂದೆ, ದುಡಿಯುವ ಚಕ್ರ ಹಿಂದೆ, ಎರಡಕ್ಕೂ ನಡುವೆ ಕಾರಿನ ಹೊಟ್ಟೆಯಡಿ ಒಂದು ಉದ್ದನೆಯ ಕಬ್ಬಿಣದ ಕೊಳವೆ. ಪ್ರೊಪೆಲ್ಲರ್ ಶಾಫ್ಟ್ ಎಂದು ಅದರ ಹೆಸರು. ಅದಕ್ಕೆ ಜಾಗ ಬಿಡಲು ಕಾರಿನ ನೆಲದ ನಡುವೆ ಉಬ್ಬು. ನಾನು ಚಿಕ್ಕವನಿದ್ದಾಗ ಬಾಡಿಗೆ ಕಾರಿನಲ್ಲಿ ಧರ್ಮಸ್ಥಳಕ್ಕೆ ಹೋಗುವಾಗ, ಮೂವರು ಮಕ್ಕಳಲ್ಲಿ ಕೊನೆಯವನಾದ ನನಗೆ ಸದಾ ಆ ಉಬ್ಬಿನ ಮೇಲಿನ ಜಾಗವೇ ಗತಿ. ಕಾಲು ಎರಡೂ ಕಡೆ ಹಾಕಿದರೆ ಅಣ್ಣ ಒದೆಯುತ್ತಿದ್ದ, ಅಕ್ಕ ಚಿವುಟುತ್ತಿದ್ದಳು. ಮೇಲೆ ಇಟ್ಟರೆ ಮೊಣಕಾಲು ಗಲ್ಲಕ್ಕೆ. ಹಿಂದಿನ ಚಕ್ರದ ಗಾಡಿಗಳ ಬಗ್ಗೆ ನನಗೆ ಈಗಲೂ ಇರುವ ಸಣ್ಣ ಅಸಮಾಧಾನಕ್ಕೆ ಎಂಜಿನಿಯರಿಂಗ್ ಕಾರಣವಿಲ್ಲ, ಆ ಉಬ್ಬೇ ಕಾರಣ.

ಉಬ್ಬನ್ನು ಇಲ್ಲವಾಗಿಸಿದ ಪುಣ್ಯಾತ್ಮರಲ್ಲಿ ದೊಡ್ಡ ಹೆಸರು ಅಲೆಕ್ ಇಸಿಗೋನಿಸ್. ಸೂಯೆಜ್ ಕಾಲುವೆಯ ಗಲಾಟೆಯಲ್ಲಿ ಇಂಗ್ಲೆಂಡಿಗೆ ಪೆಟ್ರೋಲಿನ ಬರ ಬಂದಾಗ, ಕಡಿಮೆ ಕುಡಿಯುವ, ಕಡಿಮೆ ಜಾಗ ತಿನ್ನುವ, ಆದರೆ ನಾಲ್ವರು ಕೂರುವ ಕಾರು ಮಾಡು ಎಂದರಂತೆ. ಆತ ಎಂಜಿನ್ನನ್ನು ಉದ್ದಕ್ಕೆ ಇಡುವ ಬದಲು ಅಡ್ಡಕ್ಕೆ ತಿರುಗಿಸಿ ಇಟ್ಟ, ಶಕ್ತಿಯನ್ನು ಪಕ್ಕದಲ್ಲೇ ಇದ್ದ ಮುಂದಿನ ಚಕ್ರಗಳಿಗೆ ಕೊಟ್ಟ. 1959ರಲ್ಲಿ ಬಂದ ಆ ಮಿನಿ ಕಾರು ಹತ್ತೇ ಅಡಿ ಉದ್ದ. ಇದರ ಮಹತ್ವ ಬೆಂಗಳೂರಿನ ಒಂದು ಬೆಡ್‌ರೂಮಿನ ಮನೆಯಲ್ಲಿ ಮಂಚವನ್ನು ಅಡ್ಡಕ್ಕೆ ತಿರುಗಿಸಿ, ಅಯ್ಯೋ ಇಷ್ಟೊಂದು ಜಾಗ ಇತ್ತೇ ಎಂದು ಬೆರಗಾದವರಿಗೆ ಗೊತ್ತು. ಮುಂದಿನ ಚಕ್ರದ ಕಾರುಗಳು ಅದಕ್ಕೂ ಮೊದಲೇ ಇದ್ದವು, ಫ್ರಾನ್ಸಿನ ಸಿಟ್ರೋಯನ್ ಕಂಪನಿ 1934ರಲ್ಲೇ ಅಂಥದನ್ನು ಮಾಡಿತ್ತು. ಆದರೆ ಮಂಚ ತಿರುಗಿಸಿದ್ದನ್ನು ಲೋಕಕ್ಕೆಲ್ಲ ರೂಢಿ ಮಾಡಿಸಿದ್ದು ಮಿನಿ.

ನಮ್ಮಲ್ಲಿ ಆ ಪಾಠ ಬಂದದ್ದು 1983ರ ಡಿಸೆಂಬರಿನಲ್ಲಿ, ಮಾರುತಿ 800 ರೂಪದಲ್ಲಿ. 796 ಸಿ.ಸಿ.ಯ ಮೂರು ಸಿಲಿಂಡರಿನ ಪುಟ್ಟ ಎಂಜಿನ್ನು, ಮುಂದಿನ ಚಕ್ರ. ಉದ್ದನೆಯ ಕೊಳವೆಯಿಲ್ಲ, ಅದರ ತೂಕವಿಲ್ಲ, ಅದನ್ನು ತಿರುಗಿಸಲು ಪೋಲಾಗುವ ಶಕ್ತಿಯಿಲ್ಲ. ಹಾಗಾಗಿ ಮೈಲೇಜು ಹೆಚ್ಚು, ಬೆಲೆ ಕಡಿಮೆ, ಹಿಂದೆ ಕೂತವರಿಗೆ ಕಾಲಿಡಲು ಜಾಗ. ಅಂಬಾಸಿಡರಿನ ಹಳೆಯ ಡ್ರೈವರುಗಳು ಅದನ್ನು ನೋಡಿ, "ಬೆಂಕಿಪೊಟ್ಟಣ, ಮೂತಿಯಿಂದ ಎಳ್ಕೊಂಡು ಹೋಗುತ್ತೆ" ಎಂದು ನಗುತ್ತಿದ್ದದ್ದು ನನಗೆ ನೆನಪಿದೆ. ವಿಚಿತ್ರ ನೋಡಿ, ಮಾರುತಿ 800ರ ತಯಾರಿ ನಿಂತದ್ದೂ ಅಂಬಾಸಿಡರ್ ತಯಾರಿ ನಿಂತದ್ದೂ ಒಂದೇ ವರ್ಷ, 2014ರಲ್ಲಿ. ಜೀವಮಾನವೆಲ್ಲ ಜಗಳವಾಡಿದ ಮುದುಕರಿಬ್ಬರು ನಾಲ್ಕೈದು ತಿಂಗಳ ಅಂತರದಲ್ಲಿ ಹೋಗಿಬಿಡುತ್ತಾರಲ್ಲ, ಹಾಗೆ.

ಇನ್ನು ದುಡಿಮೆಯ ವಿಷಯ. ಇದನ್ನು ನಾನು ಅರ್ಥಮಾಡಿಕೊಂಡಿದ್ದು ಅಡುಗೆಮನೆಯ ಮೂಲಕ. ಹಿಂದಿನ ಚಕ್ರದ ಗಾಡಿಯೆಂದರೆ ಮದುವೆ ಮನೆ. ಹಿಂದೆ ಅಡುಗೆ ಭಟ್ಟರು ಬೆವರು ಸುರಿಸಿ ಬೇಯಿಸುತ್ತಾರೆ, ಮುಂದೆ ಬಡಿಸುವವರು ಪಂಕ್ತಿಯಲ್ಲಿ ಓಡಾಡುತ್ತಾರೆ. ಒಬ್ಬರದು ಶಕ್ತಿ, ಇನ್ನೊಬ್ಬರದು ದಿಕ್ಕು. ಮುಂದಿನ ಚಕ್ರದ ಗಾಡಿಯೆಂದರೆ ನಮ್ಮ ನಿಮ್ಮ ಮನೆ. ದೋಸೆ ಹುಯ್ಯುವವಳೂ ಅವಳೇ, ಬಡಿಸುವವಳೂ ಅವಳೇ, ನಡುವೆ ಬಾಗಿಲು ತೆಗೆಯುವವಳೂ ಅವಳೇ. ಸಾಧಾರಣ ದಿನದಲ್ಲಿ ಇದಕ್ಕಿಂತ ಚೊಕ್ಕಟವಾದ ಏರ್ಪಾಡಿಲ್ಲ. ಆದರೆ ಅವಸರ ಮಾಡಿದರೆ ಎಡವಟ್ಟು. ಎಳೆಯುವ ಕೆಲಸದಲ್ಲೇ ಶಕ್ತಿಯೆಲ್ಲ ಖರ್ಚಾದ ಚಕ್ರಕ್ಕೆ ತಿರುಗಲು ಹಿಡಿತ ಉಳಿಯುವುದಿಲ್ಲ. ಮಳೆಯಲ್ಲಿ ಆಗುಂಬೆ ಘಾಟಿಯ ತಿರುವನ್ನು ಜೋರಾಗಿ ಹೊಕ್ಕರೆ, ಅಲ್ಲಿ ಅಂಥವು 14 ಇವೆ, ನೀವು ಸ್ಟೇರಿಂಗ್ ತಿರುಗಿಸಿದರೂ ಕಾರಿನ ಮೂತಿ ನೇರ ಹೋಗುತ್ತೇನೆನ್ನುತ್ತದೆ. ಆಗ ಆಕ್ಸಿಲರೇಟರಿನಿಂದ ಮೆತ್ತಗೆ ಕಾಲು ತೆಗೆದರೆ ಸಾಕು, ಮಾತು ಕೇಳುತ್ತದೆ. ಹೆದರಿದ ಮನುಷ್ಯ ತಾನಾಗಿ ಮಾಡುವುದೂ ಅದನ್ನೇ. ಹಿಂದಿನ ಚಕ್ರದ ಗಾಡಿಯದು ಬೇರೆ ಚಾಳಿ. ಅದು ಮೂತಿ ಜಾರಿಸುವುದಿಲ್ಲ, ಬಾಲ ಬೀಸುತ್ತದೆ. ಹಿಂಭಾಗ ಎಡಕ್ಕೆ ಜಾರಿದರೆ ಸ್ಟೇರಿಂಗನ್ನೂ ಎಡಕ್ಕೇ ತಿರುಗಿಸಬೇಕಂತೆ. ಗಾಬರಿಯಲ್ಲಿ ಇಷ್ಟು ಶಾಸ್ತ್ರ ಯಾರಿಗೆ ನೆನಪಿರುತ್ತದೆ? ರೇಸಿನವರು ಆ ಬಾಲ ಬೀಸುವುದಕ್ಕೇ ಹಣ ಕೊಟ್ಟು ಹೋಗುತ್ತಾರೆ. ನಾನು ಹಣ ಕೊಡುವುದು ಅದು ಬೀಸದೆ ಇರಲಿ ಎಂದು.

ಜಾರುವ ಮಾತು ಬಂತು, ಟೈರಿನ ಒಂದು ಜಗಳ ಹೇಳಿಬಿಡುತ್ತೇನೆ. ಹೋದ ವರ್ಷ ಎರಡೇ ಹೊಸ ಟೈರು ಕೊಂಡೆ. ಮುಂದಿನವೇ ಎಳೆಯುವುದು, ತಿರುಗುವುದು, ಬ್ರೇಕಿನ ಭಾರ ಹೊರುವುದೂ ಹೆಚ್ಚಾಗಿ ಅವೇ, ಸವೆಯುವುದೂ ಬೇಗ. ಹೊಸದು ಅಲ್ಲಿಗೇ ಸಲ್ಲಬೇಕೆಂದು ನನ್ನ ನ್ಯಾಯ. ಅಂಗಡಿಯ ಹುಡುಗ ಹೊಸದನ್ನು ಹಿಂದೆ ಹಾಕಿ, ಹಿಂದಿನದನ್ನು ಮುಂದೆ ತಂದಿದ್ದ. ನಾನು ದನಿ ಏರಿಸಿದೆ. ಅವನು ಸ್ಪ್ಯಾನರ್ ಕೆಳಗಿಟ್ಟು, "ಸಾರ್, ಮುಂದೆ ಜಾರಿದ್ರೆ ನಿಮ್ಗೆ ಗೊತ್ತಾಗುತ್ತೆ. ಹಿಂದೆ ಜಾರಿದ್ರೆ ಗೊತ್ತಾಗೋ ಹೊತ್ತಿಗೆ ನೀವು ಬಂದ ದಾರಿ ನೋಡ್ತಾ ಇರ್ತೀರಿ" ಎಂದ. ದೊಡ್ಡ ಟೈರು ಕಂಪನಿಗಳು ಹೇಳುವುದೂ ಇದನ್ನೇ, ಯಾವ ಚಕ್ರ ಎಳೆದರೂ ಹೆಚ್ಚು ಹಿಡಿತದ ಟೈರು ಹಿಂದಿರಲಿ ಎಂದು. ಅವನಿಗೆ ಕಾಫಿಗೆಂದು ಹೆಚ್ಚು ಕೊಟ್ಟು ಬಂದೆ.

ಇರಲಿ, ಏರಿಗೆ ಬರೋಣ. ಅಷ್ಟರಲ್ಲಿ ಭಾವಮೈದುನ ಅಡಿಕೆ ಹಾಳೆ ತಂದು ಈ ಸಲ ಸರಿಯಾಗಿ ಮುಂದಿನ ಚಕ್ರದಡಿಗೇ ಇಟ್ಟ. ಒದ್ದೆ ಹಾಳೆಗಿಂತ ಜಾರುವ ವಸ್ತುವನ್ನು ದೇವರು ಸೃಷ್ಟಿಸಿಲ್ಲ. ನಾನು ಒತ್ತಿದ ತಕ್ಷಣ ಅದು ಕಾರಿನಡಿಯಿಂದ ಬಾಣದಂತೆ ಹಾರಿ, ಹಿಂದೆ ನಿಂತಿದ್ದ ಊರ ಹಿರಿಯರೊಬ್ಬರ ಕೊಡೆಗೆ ಬಡಿಯಿತು. ಅವರು ಶಾಂತಿಗೆ ಬಂದವರು. ಅಶಾಂತಿಯಿಂದ ಒಳಗೆ ಹೋದರು.

ಆಗ ಕೆಳಗಿನಿಂದ ಪುರೋಹಿತರ ಓಮ್ನಿ ಬಂತು. ಮಲೆನಾಡಿನಲ್ಲಿ ಓಮ್ನಿಯನ್ನು ಬೈಯುವವರಿಲ್ಲ. 1984ರಿಂದ 2019ರವರೆಗೆ ತಯಾರಾದ ಈ ಡಬ್ಬಿ ಗಾಡಿ ಹಾಲು, ಹೆಣ, ಮದುಮಗಳು ಎಂಬ ಭೇದವಿಲ್ಲದೆ ಸಾಗಿಸಿದೆ. ಅದಕ್ಕೂ ಮಾರುತಿ 800ರ ಎಂಜಿನ್ನೇ. ಆದರೆ ಅದು ಇರುವುದು ಮುಂದಿನ ಸೀಟಿನಡಿ, ತಳ್ಳುವುದು ಹಿಂದಿನ ಚಕ್ರ. ಆದ್ದರಿಂದ ಹಿಂದೆ ಖಾಲಿಯಿದ್ದರೆ ಅದೂ ಕೆಸರಿನಲ್ಲಿ ಕುಣಿಯುತ್ತದೆ. ಪುರೋಹಿತರು ಕಿಟಕಿಯಿಂದ ತಲೆ ಹಾಕಿ ಸ್ಥಿತಿ ನೋಡಿದರು. ನಾನು ಮಂತ್ರವನ್ನು ನಿರೀಕ್ಷಿಸಿದ್ದೆ. ಅವರು, "ನಿಮ್ ಡಿಕ್ಕೀಲಿ ಎಂತ ಉಂಟು ಮಾರಾಯ್ರೆ?" ಎಂದರು.

"ಗ್ರೈಂಡರ್."

"ಅದನ್ನ ಇತ್ಲಾಗೆ ಹಾಕಿ. ಚಿಕ್ಕಮ್ಮನ್ನೂ ಕಳ್ಸಿ."

ಗ್ರೈಂಡರ್, ಚಿಕ್ಕಮ್ಮ, ಮಕ್ಕಳು ಓಮ್ನಿಯ ಹಿಂಭಾಗಕ್ಕೆ ವರ್ಗವಾದರು. ಜೊತೆಗೆ ತಳ್ಳಲು ನಿಂತಿದ್ದವರಲ್ಲಿ ಗಾತ್ರ ನೋಡಿ ಇಬ್ಬರನ್ನು ಪುರೋಹಿತರೇ ಆರಿಸಿ ಹತ್ತಿಸಿಕೊಂಡರು. ದಪ್ಪಗಿರುವುದಕ್ಕೆ ಇಷ್ಟು ಮರ್ಯಾದೆ ಸಿಕ್ಕ ಇನ್ನೊಂದು ಸಂದರ್ಭ ನಾನು ನೋಡಿಲ್ಲ. ಓಮ್ನಿ ಒಮ್ಮೆ ಮುಕ್ಕರಿಸಿ, ನನ್ನ ಕಾರಿನ ಪಕ್ಕದಿಂದ ಬಳುಕುತ್ತ ಏರಿ ಅಂಗಳ ಸೇರಿತು. ನನ್ನ ಡಿಕ್ಕಿಯಲ್ಲಿದ್ದಾಗ ಶತ್ರುವಾಗಿದ್ದ ಅದೇ ಗ್ರೈಂಡರ್ ಅವರ ಗಾಡಿಯಲ್ಲಿ ಬಂಧುವಾಯಿತು. ಮಿಚಿಗನ್‌ನಲ್ಲಿರುವ ಅಣ್ಣನ ಮಗನಿಗೆ ಇದನ್ನು ಹೇಳಿದಾಗ ಅವನು ಆಶ್ಚರ್ಯಪಡಲಿಲ್ಲ. ಅಲ್ಲಿ ಹಿಮ ಬೀಳುವ ಕಾಲದಲ್ಲಿ ಹಿಂದಿನ ಚಕ್ರದ ಗಾಡಿಯವರು ಡಿಕ್ಕಿಯಲ್ಲಿ ಮರಳಿನ ಚೀಲ ಹೊತ್ತು ತಿರುಗುತ್ತಾರಂತೆ. ನಮ್ಮಲ್ಲಿ ಚಿಕ್ಕಮ್ಮಂದಿರಿದ್ದಾರೆ.

ಇದರ ಗುಟ್ಟು ಆಮೇಲೆ ಹೊಳೆಯಿತು. ಮನೆ ಬದಲಾಯಿಸುವಾಗ ಇಬ್ಬರು ಸೇರಿ ಕಬ್ಬಿಣದ ಬೀರುವನ್ನು ಮೆಟ್ಟಿಲು ಹತ್ತಿಸಿದ್ದೀರಲ್ಲ? ಮೇಲಿನ ಮೆಟ್ಟಿಲಿನವನು ಬಾಯಲ್ಲಿ ನಿರ್ದೇಶನ ಕೊಡುತ್ತಾನೆ, ಭಾರವೆಲ್ಲ ಕೆಳಗಿನವನ ಎದೆಯ ಮೇಲೆ. ಅನುಭವಸ್ಥರು ಅದಕ್ಕೇ ಮೊದಲು ಹೋಗಿ ಮೇಲೆ ನಿಲ್ಲುತ್ತಾರೆ. ಕಾರೂ ಒಂದು ಬೀರು. ಸಮತಟ್ಟಿನಲ್ಲಿ ಸಣ್ಣ ಕಾರಿನ ತೂಕದಲ್ಲಿ ಶೇಕಡ 60ರಷ್ಟು ಮುಂದೆಯೇ ಇರುತ್ತದೆ, ಎಂಜಿನ್ನೂ ಗೇರ್‌ಬಾಕ್ಸೂ ಅಲ್ಲೇ ಇರುವುದರಿಂದ. ಆದ್ದರಿಂದ ಸಮತಟ್ಟಾದ ಕೆಸರಿನಲ್ಲಿ ಮುಂದಿನ ಚಕ್ರದ ಗಾಡಿ ಖಾಲಿ ಓಮ್ನಿಗಿಂತ ಮೇಲು. ಏರಿನಲ್ಲಿ ಭಾರ ಹಿಂದಕ್ಕೆ ಸರಿಯುತ್ತದೆ. ಹಿಂದಿನ ಸೀಟಿನಲ್ಲಿ ಸಂಸಾರ, ಡಿಕ್ಕಿಯಲ್ಲಿ ಕಲ್ಲು. ಎಳೆಯಬೇಕಾದ ಮುಂದಿನ ಚಕ್ರಗಳು ನೆಲವನ್ನು ಸವರುತ್ತವೆಯೇ ಹೊರತು ಹಿಡಿಯುವುದಿಲ್ಲ. ಭಾರ ಹೊತ್ತ ಹಿಂದಿನವು ಕೆಲಸವಿಲ್ಲದೆ ಕೂತಿರುತ್ತವೆ. ಹೊರೆ ಒಬ್ಬರ ತಲೆಯ ಮೇಲೆ, ಅಧಿಕಾರ ಇನ್ನೊಬ್ಬರ ಕೈಯಲ್ಲಿ. ಹಾಗಿದ್ದಾಗ ಏನೂ ಮುಂದೆ ಹೋಗುವುದಿಲ್ಲವೆಂಬುದನ್ನು ಸರ್ಕಾರಿ ಕಚೇರಿಯಲ್ಲಿ 30 ವರ್ಷ ಗುಮಾಸ್ತನಾಗಿದ್ದ ನಾನು ಮೊದಲೇ ಊಹಿಸಬೇಕಿತ್ತು.

ಖಾಲಿ ಕಾರಿನಲ್ಲೂ ಇನ್ನೊಮ್ಮೆ ನುಗ್ಗಿ ನೋಡಿದೆ. ಹತ್ತಡಿ ಹೆಚ್ಚು ಏರಿ ಮತ್ತೆ ನಿಂತಿತು. ಆಗ ಬೋರ್ಡೋ ಹೊಡೆಯಲು ಬಂದಿದ್ದವರಲ್ಲಿ ಒಬ್ಬ, ಅದುವರೆಗೆ ಬೀಡಿ ಸೇದುತ್ತ ಸುಮ್ಮನೆ ನಿಂತಿದ್ದವನು, ಹತ್ತಿರ ಬಂದ. "ಸಾರ್, ಕೆಳಗೆ ಬಿಟ್ಟು ತಿರುಗ್ಸಿ. ರಿವರ್ಸಲ್ಲಿ ಹೋಗಿ."

"ರಿವರ್ಸಿನಲ್ಲಿ ಏರು ಹತ್ತುವುದೇ?"

"ಎಳೆಯೋ ಚಕ್ರ ಕೆಳಗಿರ್ಲಿ ಸಾರ್."

ಬೀರುವಿನ ಸಿದ್ಧಾಂತವನ್ನು ಇಷ್ಟು ಚಿಕ್ಕದಾಗಿ ಯಾವ ಪ್ರೊಫೆಸರೂ ಹೇಳಲಾರ. ಮೋರಿಯ ಹತ್ತಿರ ತಿರುಗಿಸಿ, ಕುತ್ತಿಗೆಯನ್ನು ಗೂಬೆಯ ಹಾಗೆ ಹಿಂದಕ್ಕೆ ತಿರುಚಿ, ರಿವರ್ಸ್ ಗೇರು ಹಾಕಿದೆ. ಈಗ ದುಡಿಯುವ ಚಕ್ರ ಕೆಳಗೆ, ಎಂಜಿನ್ನಿನ ಭಾರವೂ ಏರಿನ ಭಾರವೂ ಅದರ ಮೇಲೆ. ಕಾರು ಸ್ವಲ್ಪ ಅತ್ತಿತ್ತ ಮೂತಿ ಆಡಿಸಿತು, ಆಮೇಲೆ ಮುಜುಗರವಿಲ್ಲದೆ ಹತ್ತತೊಡಗಿತು. ಜಗಲಿಯ ಮೇಲೆ ಮಾವ, ಅತ್ತೆ, ಪುರೋಹಿತರು, ಚಿಕ್ಕಮ್ಮ, ಕೊಡೆಯ ಹಿರಿಯರು ಸಾಲಾಗಿ ನಿಂತಿದ್ದರು. ಅವರಿಗೆ ಮೊದಲು ಕಂಡದ್ದು ನನ್ನ ಡಿಕ್ಕಿ, ನಂಬರ್ ಪ್ಲೇಟು. ಅತ್ತೆಯವರು ಆರತಿ ತಟ್ಟೆ ಹಿಡಿದಿದ್ದರೋ ಇಲ್ಲವೋ ನೋಡಲಾಗಲಿಲ್ಲ, ಹಿಂದಿನ ಗಾಜಿನ ತುಂಬ ಕೆಸರು. ಭೀಮರಥ ಶಾಂತಿಗೆ ಬಂದ ರಥಗಳಲ್ಲಿ ನನ್ನದೊಂದೇ ಹಿಮ್ಮುಖವಾದದ್ದು.

ಮಾವನವರಿಗೆ ಆ ದಿನ ಪೂಜೆಗಿಂತ ಹೆಚ್ಚು ತೃಪ್ತಿ ಕೊಟ್ಟದ್ದು ಇದೇ. ಬಂದವರಿಗೆಲ್ಲ, "ನಮ್ಮ ಅಂಬಾಸಿಡರ್ ಆಗಿದ್ರೆ ಎದೆ ಕೊಟ್ಟು ಬರ್ತಿತ್ತು" ಎಂದು ಹೇಳುತ್ತಿದ್ದರು. ನನಗೆ ಸಮಾಧಾನ ಹೇಳಿದ್ದು ಸತ್ತು ಎಷ್ಟೋ ವರ್ಷವಾದ ಹೆನ್ರಿ ಫೋರ್ಡ್. 1908ರಿಂದ 1927ರವರೆಗೆ ಅಮೆರಿಕವನ್ನೆಲ್ಲ ಓಡಾಡಿಸಿದ ಅವನ ಮಾಡೆಲ್ ಟಿ ಕಾರು ಹಿಂದಿನ ಚಕ್ರದ್ದೇ, ಆದರೂ ಕಡಿದಾದ ಗುಡ್ಡವನ್ನು ಜನ ಅದರಲ್ಲಿ ರಿವರ್ಸಿನಲ್ಲೇ ಹತ್ತುತ್ತಿದ್ದರು. ಅದರ ಪೆಟ್ರೋಲ್ ಟ್ಯಾಂಕು ಸೀಟಿನಡಿ, ಪಂಪಿಲ್ಲ. ಪೆಟ್ರೋಲು ತಾನಾಗಿ ಹರಿದು ಎಂಜಿನ್ನಿಗೆ ಬರಬೇಕು. ಮೂತಿ ಮೇಲೆತ್ತಿದರೆ ಎಂಜಿನ್ನೇ ಟ್ಯಾಂಕಿಗಿಂತ ಮೇಲೆ ಹೋಗಿ ಬಾಯಾರಿ ನಿಲ್ಲುತ್ತಿತ್ತು. ಮಾವನವರಿಗೆ ಇದನ್ನು ವಿವರಿಸಿದೆ. "ಅಂದ್ರೆ ಬೆನ್ನು ತೋರ್ಸಿ ಬರೋದು ಅಮೆರಿಕದ ಪದ್ಧತಿ ಅನ್ನಿ" ಎಂದರು.

ಆ ಸಾಹಸದ ಬಿಲ್ಲು ಬೆಂಗಳೂರಿಗೆ ಬಂದ ಎರಡು ತಿಂಗಳಿಗೆ ಬಂತು. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗಲೆಲ್ಲ ಕಟಕಟ ಎಂಬ ಸದ್ದು. ಡಿಕ್ಕಿ ತೆಗೆದು ನೋಡಿದೆ, ಅತ್ತೆಯವರು ಕೊಟ್ಟ ತೆಂಗಿನಕಾಯಿಯೊಂದು ಉರುಳಾಡುತ್ತಿತ್ತು. ಅದನ್ನು ಚಟ್ನಿ ಮಾಡಿ ತಿಂದ ಮೇಲೂ ಸದ್ದು ನಿಲ್ಲಲಿಲ್ಲ. ನಮ್ಮ ಬೀದಿಯ ಮೆಕ್ಯಾನಿಕ್ ಕಿವಿಯಲ್ಲೇ ರೋಗ ಹಿಡಿದ. ಎಳೆಯುತ್ತಲೂ ತಿರುಗುತ್ತಲೂ ಇರಬೇಕಾದ ಮುಂದಿನ ಚಕ್ರಕ್ಕೆ ಶಕ್ತಿ ಮುಟ್ಟಿಸುವ ಶಾಫ್ಟಿನ ತುದಿಯಲ್ಲಿ ಗುಂಡುಗಳಿರುವ ಒಂದು ಕೀಲು ಇರುತ್ತದೆ, ನಮ್ಮ ಸೊಂಟದ ಕೀಲಿನಂತೆ. ಅದರ ಮೇಲೆ ರಬ್ಬರಿನ ಕುಪ್ಪಸ, ಒಳಗೆ ಗ್ರೀಸು. ಏರಿನಲ್ಲಿ ಯಾವುದೋ ಕಲ್ಲು ಬಡಿದು ಕುಪ್ಪಸ ಹರಿದಿತ್ತು. ಗ್ರೀಸು ಹೊರಗೆ ಹೋಗಿ ತೀರ್ಥಹಳ್ಳಿಯ ಮಣ್ಣು ಒಳಗೆ ಬಂದಿತ್ತು. ಸಕಾಲದಲ್ಲಿ ನೋಡಿದ್ದರೆ ರಬ್ಬರಿನ ಖರ್ಚಿನಲ್ಲಿ ಮುಗಿಯುತ್ತಿತ್ತು, ಈಗ ಕೀಲನ್ನೇ ಬದಲಾಯಿಸಬೇಕಾಯಿತು. "ಹಿಂದಿನ ಚಕ್ರದ ಗಾಡಿ ಆಗಿದ್ರೆ ಈ ರಗಳೆ ಇರ್ತಿರ್ಲಿಲ್ವಾ?" ಎಂದು ಕೇಳಿದೆ, ಮಾವನವರ ಕಡೆಯ ವಕೀಲನಂತೆ. "ಅದಕ್ಕೆ ಉದ್ದನೆ ಶಾಫ್ಟಿನ ಕ್ರಾಸ್ ಹೋಗುತ್ತೆ, ಹಿಂದಿನ ಆಕ್ಸಲ್ಲಿನ ಕ್ರೌನ್ ಕೂಗುತ್ತೆ. ಯಾವ ಗಾಡಿ ಸಾರ್ ನಮಗೆ ಅನ್ನ ಹಾಕಲ್ಲ?" ಎಂದು ನಕ್ಕ.

ಈಗ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ಈ ವಿಷಯದಲ್ಲಿ ಪಂಡಿತ. ಹೊಸ ಕಾರು ಕೊಳ್ಳುವವರು ಕೇಳುತ್ತಾರೆ. ಆಫೀಸಿಗೆ, ಮಾರ್ಕೆಟ್ಟಿಗೆ, ವರ್ಷಕ್ಕೆರಡು ಸಲ ಊರಿಗೆ ಹೋಗುವವರಿಗೆ ಮುಂದಿನ ಚಕ್ರ ಸಾಕು, ಸಾಕೇನು, ಅದೇ ಸರಿ ಎನ್ನುತ್ತೇನೆ. ದಿನಾ ಎಂಟು ಜನ, ಮೇಲೆ ಲಗೇಜು, ಘಾಟಿ ಎಂದರೆ ಹಿಂದಿನ ಚಕ್ರ. ಬಸ್ಸು, ಲಾರಿ, ಪಿಕಪ್ಪುಗಳು ಸುಮ್ಮನೆ ಅದಕ್ಕೆ ಅಂಟಿಕೊಂಡಿಲ್ಲ. ಆದರೆ ಕುಲಾಚಾರ ಈಗ ಎಲ್ಲ ಕಡೆ ಕಲಸಿಹೋಗಿದೆ. ನಮ್ಮ ಬಿಡದಿಯ ಇನ್ನೋವಾ ಹಿಂದಿನ ಚಕ್ರದ ಗಾಡಿಯೆಂದೇ ಟ್ಯಾಕ್ಸಿಯವರ ಮನೆದೇವರಾಗಿತ್ತು. 2022ರ ಕೊನೆಯಲ್ಲಿ ಬಂದ ಇನ್ನೋವಾ ಹೈಕ್ರಾಸ್ ಮುಂದಿನ ಚಕ್ರಕ್ಕೆ ತಿರುಗಿತು, ಉಬ್ಬೂ ಹೋಯಿತು. ಇತ್ತ ಬ್ಯಾಟರಿ ಕಾರುಗಳಲ್ಲಿ ಮೋಟಾರು ಅಂಗೈಯಗಲ ಜಾಗದಲ್ಲಿ ಕೂರುವುದರಿಂದ ಅದನ್ನು ಹಿಂದಿನ ಆಕ್ಸಲ್ಲಿನ ಹತ್ತಿರವೇ ಇಡಬಹುದು, ಉದ್ದದ ಕೊಳವೆಯೇ ಬೇಡ. ಮಹೀಂದ್ರದ ಬಿಇ 6 ಹಾಗೆ ಹಿಂದಿನಿಂದ ತಳ್ಳುವುದು. ಹೊಸದೇನಲ್ಲ. 2001ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ರೇವಾ ಎಂಬ ಗುಬ್ಬಿಮರಿ ಕಾರಿನ ಮೋಟಾರೂ ಹಿಂದೆಯೇ ಇತ್ತು. ಅದನ್ನು ನೋಡಿ ನಕ್ಕವರಲ್ಲಿ ನಾನೂ ಒಬ್ಬ.

ಗ್ರೈಂಡರ್ ಮಾವನ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿದೆ. ಈ ವರ್ಷ ಶ್ರಾವಣದಲ್ಲಿ ಮತ್ತೆ ಹೋಗಬೇಕು, ಏರಿಗೆ ಕಾಂಕ್ರೀಟ್ ಹಾಕಿಸುತ್ತೇನೆಂದು ಭಾವಮೈದುನ ಹೇಳುತ್ತಲೇ ಇದ್ದಾನೆ, ಹಾಕಿಸಿಲ್ಲ. ಮಾವನವರಿಗೆ ಅದು ಇಷ್ಟವಿಲ್ಲವೆಂದು ನನ್ನ ಗುಮಾನಿ. ಆದ್ದರಿಂದ ತೀರ್ಥಹಳ್ಳಿಯ ಕಡೆ ಮಳೆಯಲ್ಲಿ ಬಿಳಿ ಕಾರೊಂದು ಹಿಮ್ಮುಖವಾಗಿ ಗುಡ್ಡ ಹತ್ತುತ್ತಿರುವುದು ಕಂಡರೆ ದಯವಿಟ್ಟು ಹಾರ್ನ್ ಹೊಡೆಯಬೇಡಿ. ಕುತ್ತಿಗೆ ತಿರುಗಿಸಿಕೊಂಡಿರುತ್ತೇನೆ, ನಮಸ್ಕಾರ ಹೇಳಲು ಆಗುವುದಿಲ್ಲ.